ಮಲೇರಿಯಾ ಮರೆತ ಊರುಗಳಲ್ಲಿ ರಕ್ತಪರೀಕ್ಷೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಮಲೇರಿಯಾ ಇಂದು ಅಪರೂಪದ ಕಾಯಿಲೆ. ಎಂಟು ದಶಕಗಳ ಹಿಂದೆ ಮಾತ್ರ ಇದೇ ಸೀಮೆಗೆ ಹೆಣ್ಣು ಕೊಡಲು, ನೌಕರಿಗೆ ಬರಲು, ಭೂಮಿ ಕೊಳ್ಳಲು ಹೊರಗಿನವರು ಹಿಂಜರಿಯುವಂತೆ ಮಾಡಿದ್ದ ಚಳಿಜ್ವರ ಅದೇ ಆಗಿತ್ತು. ಕಾಯಿಲೆ ಕಣ್ಣೆದುರು ಕುಣಿಯುತ್ತಿದ್ದ ಕಾಲದಲ್ಲಿ ಅದರ ಪರೀಕ್ಷೆಗೆ ಜನರನ್ನು ಒಪ್ಪಿಸುವುದು ಒಂದು ಬಗೆಯ ಕೆಲಸ. ಕಾಯಿಲೆಯ ಹೆಸರೇ ಮರೆತುಹೋಗುತ್ತಿರುವ ಕಾಲದಲ್ಲಿ, ಬಂದ ಪ್ರತಿ ಜ್ವರಕ್ಕೂ ಒಂದು ತೊಟ್ಟು ರಕ್ತ ಕೊಡಿ ಎಂದು ಕೇಳುವುದು ಅದಕ್ಕಿಂತ ಕಷ್ಟದ ಕೆಲಸ. ಭಾರತ 2016ರಲ್ಲಿ ಪ್ರಕಟಿಸಿದ ಮಲೇರಿಯಾ ನಿರ್ಮೂಲನೆಯ ರಾಷ್ಟ್ರೀಯ ಚೌಕಟ್ಟು 2030ರ ಹೊತ್ತಿಗೆ ದೇಶವನ್ನು ಈ ರೋಗದಿಂದ ಮುಕ್ತಗೊಳಿಸುವ ಗುರಿ ಇಟ್ಟುಕೊಂಡಿದೆ. ದೇಶದಲ್ಲಿ 2015ರಲ್ಲಿ 11.69 ಲಕ್ಷದಷ್ಟಿದ್ದ ದಾಖಲಾದ ಪ್ರಕರಣಗಳು 2023ರಲ್ಲಿ 2.27 ಲಕ್ಷಕ್ಕೆ ಇಳಿದಿವೆ. ಇಳಿಕೆಯ ಈ ಕೊನೆಯ ಹಂತದಲ್ಲಿ ಔಷಧದ ಕೊರತೆಗಿಂತ, ಕೀಟನಾಶಕದ ಕೊರತೆಗಿಂತ ಹೆಚ್ಚಾಗಿ ಕಾಡುವುದು ಜನರ ಆಸಕ್ತಿಯ ಕೊರತೆ.

ಹಿಂದಿನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡದ ಜನಸಂಖ್ಯೆ 1901ರಿಂದ 1921ರವರೆಗಿನ ಎರಡು ದಶಕಗಳಲ್ಲಿ ಏರುವ ಬದಲು ಇಳಿಯಿತು. ಪ್ಲೇಗು, ಇನ್‌ಫ್ಲುಯೆಂಜಾಗಳ ಪಾಲು ಅದರಲ್ಲಿ ಇದ್ದರೂ ಘಟ್ಟದ ಮೇಲಿನ ಊರುಗಳನ್ನು ವರ್ಷವರ್ಷವೂ ಹಣ್ಣುಮಾಡುತ್ತಿದ್ದುದು ಮಲೇರಿಯಾ. ಪದೇ ಪದೇ ಜ್ವರ ಬಂದವರ ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಕೆಳಗಿರುವ ಅಂಗ, ಊದಿಕೊಂಡು ಕೈಗೆ ಸಿಗುವಂತಾಗುತ್ತದೆ. ಹಳ್ಳಿಯವರು ಇದನ್ನು ಜ್ವರಗಡ್ಡೆ ಎಂದು ಗುರುತಿಸುತ್ತಿದ್ದರು. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಈ ಗಡ್ಡೆ ಇದೆ ಎಂಬ ಎಣಿಕೆಯೇ ಆ ಕಾಲದ ವೈದ್ಯರಿಗೆ ಒಂದು ಊರಿನ ಮಲೇರಿಯಾವನ್ನು ಅಳೆಯುವ ಮುಖ್ಯ ಮಾನದಂಡವಾಗಿತ್ತು. ಸೂಜಿಯೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟರೆ ಸಾಕಿತ್ತು.

ಈ ಸೀಮೆಯ ಮಲೇರಿಯಾಕ್ಕೆ ಇಲ್ಲಿಯ ಭೂಗುಣವೇ ಕಾರಣವಾಗಿತ್ತು. ರೋಗವನ್ನು ಹರಡುವ ಅನಾಫಿಲಿಸ್ ಕುಲದ ಸೊಳ್ಳೆಗಳಲ್ಲಿ ಪಶ್ಚಿಮಘಟ್ಟದ ತಪ್ಪಲಿಗೆ ವಿಶಿಷ್ಟವಾದದ್ದು ಅನಾಫಿಲಿಸ್ ಫ್ಲುವಿಯಾಟಿಲಿಸ್. ಇದು ಕೊಳಚೆಯಲ್ಲಿ ಹುಟ್ಟುವ ಸೊಳ್ಳೆಯಲ್ಲ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳ, ಒರತೆ, ಕಾಲುವೆಗಳ ಹುಲ್ಲಂಚಿನಲ್ಲಿ ಮೊಟ್ಟೆಯಿಡುವ ಸೊಳ್ಳೆ. ಜಡಿಮಳೆಯ ತಿಂಗಳುಗಳಲ್ಲಿ ಹಳ್ಳಗಳು ಕೆಂಪೇರಿ ಹರಿಯುವಾಗ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ಹಿಂದೆಗೆದು ನೀರು ತಿಳಿಯಾದ ಮೇಲೆ ಸಂತತಿ ಬೆಳೆಯುತ್ತದೆ. ಅಡಿಕೆ ತೋಟಗಳಿರುವುದು ಕಣಿವೆಯ ತಳದಲ್ಲಿ, ಅಂಥ ಹಳ್ಳಗಳ ಮಗ್ಗುಲಲ್ಲೇ. ಮನೆಗಳಿರುವುದು ತೋಟದ ತಲೆಯಲ್ಲಿ. ಜನ ಬದುಕಲು ಆರಿಸಿಕೊಂಡ ಜಾಗವೂ ಸೊಳ್ಳೆ ಆರಿಸಿಕೊಂಡ ಜಾಗವೂ ಒಂದೇ ಆಗಿದ್ದವು.

1940ರ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಮಲೇರಿಯಾ ಸಂಘಟನೆಯನ್ನು ಮುನ್ನಡೆಸಿದ ಡಿ. ಕೆ. ವಿಶ್ವನಾಥನ್ ಮತ್ತು ಅವರ ಜೊತೆಗಿದ್ದ ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಅವರು ಉತ್ತರ ಕನ್ನಡ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮ ನಡೆಸಿ, ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು. ಗ್ರಾಮೀಣ ಮಲೇರಿಯಾವನ್ನು ಕಡಿಮೆ ಖರ್ಚಿನಲ್ಲಿ ಹತೋಟಿಗೆ ತರಬಹುದು ಎಂಬ ವಿಶ್ವಾಸ ದೇಶದಲ್ಲಿ ಮೂಡಿದ್ದರಲ್ಲಿ ಈ ಕನ್ನಡ ಜಿಲ್ಲೆಗಳ ಪ್ರಯೋಗದ ಪಾಲು ದೊಡ್ಡದು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಇದೇ ದಾರಿಯಲ್ಲಿ ನಡೆಯಿತು. ಗೋಡೆಯ ಮೇಲೆ ಕೂತ ಸೊಳ್ಳೆ ಸಾಯುತ್ತಿತ್ತು, ಮನೆಯವರು ವರ್ಷಕ್ಕೆ ಒಂದೆರಡು ಸಲ ಪಾತ್ರೆಪಗಡ ಹೊರಗಿಟ್ಟು ಬಾಗಿಲು ತೆರೆದರೆ ಮುಗಿಯಿತು. ಉಳಿದುದನ್ನು ಸರ್ಕಾರದ ಸಿಬ್ಬಂದಿ ನೋಡಿಕೊಳ್ಳುತ್ತಿದ್ದರು. ಜನರ ಪಾಲ್ಗೊಳ್ಳುವಿಕೆ ಎಂಬುದು ಅಲ್ಲಿ ಒಪ್ಪಿಗೆಯಷ್ಟೇ ಆಗಿತ್ತು. ರಕ್ತಪರೀಕ್ಷೆಯ ಸ್ವಭಾವ ಬೇರೆ. ಅದು ಒಮ್ಮೆ ಬಾಗಿಲು ತೆರೆದರೆ ಮುಗಿಯುವುದಲ್ಲ. ಜ್ವರ ಬಂದಾಗಲೆಲ್ಲ ಜ್ವರ ಬಂದವರೇ ಅದನ್ನು ಹೇಳಬೇಕು. ಹೇಳುವವರಿಲ್ಲದಿದ್ದರೆ ಎಷ್ಟೇ ಸಿಬ್ಬಂದಿ ಇದ್ದರೂ ಪ್ರಯೋಜನವಿಲ್ಲ.

ಗೆದ್ದೆವೆಂದು ಕೈಚೆಲ್ಲಿದಾಗ ಏನಾಗುತ್ತದೆ ಎಂಬುದಕ್ಕೆ ದೇಶದ ಅನುಭವವೇ ಸಾಕು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜು ಮಾಡಲಾಗಿದ್ದ ಪ್ರಕರಣಗಳು 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಬಂದಿದ್ದವು. 1976ರಲ್ಲಿ ಅವು ಮತ್ತೆ 64 ಲಕ್ಷ ದಾಟಿದವು. ಶ್ರೀಲಂಕಾದಲ್ಲಿ 1963ರಲ್ಲಿ ಕೇವಲ 17 ಪ್ರಕರಣಗಳಿದ್ದವು, ಆ ದಶಕ ಮುಗಿಯುವ ಮೊದಲೇ ಅಲ್ಲಿ ಲಕ್ಷಗಟ್ಟಲೆ ಜನರಿಗೆ ಹರಡಿದ ಸಾಂಕ್ರಾಮಿಕ ಎದ್ದಿತು. ಮತ್ತೆ ಹಲವು ದಶಕ ದುಡಿದು ಆ ದೇಶ ಮಲೇರಿಯಾಮುಕ್ತ ಎಂಬ ಪ್ರಮಾಣಪತ್ರ ಪಡೆದದ್ದು 2016ರಲ್ಲಿ. ಭಾರತದಲ್ಲಿ 1977ರಲ್ಲಿ ತಿದ್ದಿದ ಕಾರ್ಯಯೋಜನೆಯಲ್ಲಿ ಜ್ವರ ಚಿಕಿತ್ಸಾ ಕೇಂದ್ರ, ಔಷಧ ವಿತರಣಾ ಕೇಂದ್ರ ಎಂಬ ಎರಡು ಸರಳ ವ್ಯವಸ್ಥೆಗಳು ಬಂದವು: ಮೊದಲನೆಯದರಲ್ಲಿ ಊರಿನವರೇ ಆದ ಒಬ್ಬರು ರಕ್ತಲೇಪನ ತೆಗೆದು ಮಾತ್ರೆ ಕೊಡುತ್ತಿದ್ದರು, ಎರಡನೆಯದರಲ್ಲಿ ಮಾತ್ರೆ ಮಾತ್ರ ಸಿಗುತ್ತಿತ್ತು. ಹಳ್ಳಿಯೊಳಗಿನ ವ್ಯಕ್ತಿಯ ಕೈಗೆ ಪರೀಕ್ಷೆಯ ಸೂಜಿಯನ್ನು ಕೊಟ್ಟ ಈ ಕ್ರಮವೇ ಇಂದಿನ ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಪೂರ್ವರೂಪ.

ಪರೀಕ್ಷೆ ಎಂದರೇನು ಎಂಬುದನ್ನು ತಿಳಿಸದೆ ಪಾಲ್ಗೊಳ್ಳಿ ಎಂದರೆ ಅರ್ಥವಿಲ್ಲ. ಬೆರಳ ತುದಿಯನ್ನು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎರಡು ರೀತಿಯಲ್ಲಿ ಲೇಪಿಸುತ್ತಾರೆ. ದಪ್ಪ ಲೇಪನದಲ್ಲಿ ರೋಗಾಣು ಇದೆಯೋ ಇಲ್ಲವೋ ಎಂಬುದು, ತೆಳು ಲೇಪನದಲ್ಲಿ ಅದು ಯಾವ ಜಾತಿಯದು ಎಂಬುದು ಗೊತ್ತಾಗುತ್ತದೆ. ಈ ಗಾಜಿನ ಪಟ್ಟಿ ಪ್ರಯೋಗಾಲಯಕ್ಕೆ ಹೋಗಿ, ಬಣ್ಣ ಹಾಕಿಸಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಬರಬೇಕು. ಪ್ರಯೋಗಾಲಯ ದೂರವಿರುವ ಕಡೆ ಕ್ಷಿಪ್ರ ಪರೀಕ್ಷೆಯ ಪಟ್ಟಿಯನ್ನು ಬಳಸುತ್ತಾರೆ; ರಕ್ತದಲ್ಲಿರುವ ರೋಗಾಣುವಿನ ಪ್ರೋಟೀನನ್ನು ಗುರುತಿಸುವ ಇದು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಗೆರೆಯ ರೂಪದಲ್ಲಿ ಉತ್ತರ ಕೊಡುತ್ತದೆ. ಮಿತಿಗಳು ಎರಡಕ್ಕೂ ಇವೆ. ರೋಗಾಣು ತೀರ ಕಡಿಮೆ ಇದ್ದರೆ ಕ್ಷಿಪ್ರ ಪರೀಕ್ಷೆಗೆ ಅದು ಸಿಗದೆ ಹೋಗಬಹುದು, ವಾಸಿಯಾದ ಮೇಲೂ ಕೆಲವು ವಾರ ಗೆರೆ ಮೂಡಬಹುದು. ಆದ್ದರಿಂದ ಒಮ್ಮೆ ಇಲ್ಲ ಎಂದು ಬಂದರೂ ಜ್ವರ ಬಿಡದಿದ್ದರೆ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬ ಮಾತನ್ನು ಜನರಿಗೆ ಮುಂಚಿತವಾಗಿ ಹೇಳಿರುವುದು ಒಳ್ಳೆಯದು.

ಜ್ವರ ತಾನಾಗಿ ಇಳಿದವನನ್ನೂ, ಜ್ವರವೇ ಇಲ್ಲದ ನೆರೆಯವನನ್ನೂ ಪರೀಕ್ಷಿಸುವುದೇಕೆ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ ರೋಗಾಣುವಿನ ಬದುಕಿನಲ್ಲಿದೆ. ಸೊಳ್ಳೆಗೆ ಸೋಂಕು ತಗಲುವುದು ಮನುಷ್ಯರ ರಕ್ತದಲ್ಲಿರುವ ರೋಗಾಣುವಿನ ಲಿಂಗಕೋಶಗಳಿಂದ; ವೈವಾಕ್ಸ್ ಜಾತಿಯ ಮಲೇರಿಯಾದಲ್ಲಿ ಈ ಕೋಶಗಳು ಬಹಳ ಬೇಗ, ರೋಗಿ ಹಾಸಿಗೆ ಹಿಡಿಯುವ ಮೊದಲೇ ಕಾಣಿಸಿಕೊಳ್ಳಬಹುದು. ಅದೇ ವೈವಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ಸುಪ್ತವಾಗಿ ಉಳಿದು ವಾರಗಳ, ತಿಂಗಳುಗಳ ನಂತರ ಎದ್ದು ಮತ್ತೆ ಜ್ವರ ತರುತ್ತದೆ. ಅದನ್ನು ಬುಡಸಹಿತ ಕೀಳಲು ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಶಿಶುಗಳಿಗೂ ಈ ಎರಡನೆಯ ಮಾತ್ರೆ ಕೊಡುವುದಿಲ್ಲ, ಕೆಂಪು ರಕ್ತಕಣಗಳಲ್ಲಿ ಒಂದು ನಿರ್ದಿಷ್ಟ ಕಿಣ್ವದ ಕೊರತೆ ಇರುವವರಿಗೆ ಅದು ಅಪಾಯ ತರಬಹುದು. ವೈದ್ಯರ ಗಮನವಿಲ್ಲದೆ ಅಂಗಡಿಯಿಂದ ಕೊಂಡು ನುಂಗುವ ಮಾತ್ರೆ ಅದಲ್ಲ. ಮೂರನೆಯ ದಿನಕ್ಕೆ ಜ್ವರ ಬಿಟ್ಟು ಮೈ ಹಗುರಾದ ಮೇಲೆ ಉಳಿದ ಹನ್ನೊಂದು ದಿನ ಮಾತ್ರೆ ನುಂಗಿಸುವುದು ಮನೆಯವರ ಸಹಕಾರವಿಲ್ಲದೆ ಆಗುವ ಕೆಲಸವಲ್ಲ. ಪರೀಕ್ಷೆಯಲ್ಲಿ ಪಾಲ್ಗೊಳ್ಳುವಿಕೆ ಎಂದರೆ ಬೆರಳು ಕೊಡುವುದು ಮಾತ್ರವಲ್ಲ, ಈ ಹನ್ನೊಂದು ದಿನಗಳೂ ಅದರಲ್ಲಿ ಸೇರಿವೆ.

ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಜ್ವರಕ್ಕೆ ಹೆಸರಿಡುವುದು ಸುಲಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಡೆಂಗ್ಯೂ, ಇಲಿಜ್ವರ, ವಿಷಮಶೀತ ಜ್ವರಗಳ ಜೊತೆಗೆ 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯೂ ಇಲ್ಲಿದೆ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕು ಅದರ ಹೊಡೆತವನ್ನು ಬಲವಾಗಿ ಉಂಡಿತು. ಮೈಕೈ ನೋವು, ತಲೆನೋವು, ಸುಡುವ ಜ್ವರ ಎಲ್ಲದಕ್ಕೂ ಸಮಾನ. ಮೊದಲ ಎರಡು ದಿನ ವೈದ್ಯರೇ ಬರಿಗಣ್ಣಿನಿಂದ ನಿರ್ಧರಿಸಲಾರರು. ಆದರೆ ಮಂಗನ ಕಾಯಿಲೆ ಈ ಸೀಮೆಯ ಜನರಿಗೆ ಒಂದು ಅಭ್ಯಾಸವನ್ನು ಕಲಿಸಿದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಪಂಚಾಯ್ತಿಗೋ ತಿಳಿಸಬೇಕು ಎಂಬುದು ಸಿದ್ದಾಪುರದ ಹಳ್ಳಿಗಳಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಸೊಪ್ಪಿಗೆ, ದರಕಿಗೆ ಬೆಟ್ಟಕ್ಕೆ ಹೋಗುವವರು ಉಣುಗು ಕಚ್ಚದಂತೆ ತೈಲ ಹಚ್ಚಿಕೊಳ್ಳುವುದನ್ನು ರೂಢಿಸಿಕೊಂಡಿದ್ದಾರೆ. ರೋಗದ ಸುಳಿವನ್ನು ಜನರೇ ಹುಡುಕಿ ಇಲಾಖೆಗೆ ಮುಟ್ಟಿಸುವ ವ್ಯವಸ್ಥೆಯೊಂದು ಇಲ್ಲಿ ಆಗಲೇ ಬದುಕಿದೆ. ಮಲೇರಿಯಾಕ್ಕಾಗಿ ಬೇರೆಯದೇ ಭಿತ್ತಿಪತ್ರ, ಬೇರೆಯದೇ ಸಭೆ ಎಂದು ಹೊಸದಾಗಿ ಕಟ್ಟುವುದಕ್ಕಿಂತ, ಜ್ವರ ಯಾವುದೇ ಇರಲಿ, ಮೊದಲ ದಿನವೇ ತಿಳಿಸಿ ಎಂಬ ಒಂದೇ ಮಾತಿನ ಕೆಳಗೆ ಎಲ್ಲ ಪರೀಕ್ಷೆಗಳನ್ನೂ ತರುವುದು ಜನರಿಗೂ ಸುಲಭ, ಸಿಬ್ಬಂದಿಗೂ ಸುಲಭ.

ರಕ್ತ ಸಂಗ್ರಹ ನಡೆಯುವುದು ಎರಡು ದಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೋ ಜ್ವರದಿಂದ ಬಂದವರನ್ನು ಪರೀಕ್ಷಿಸುವುದು ಒಂದು. ಸಿಬ್ಬಂದಿಯೇ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಹಿಂದಿನ ಭೇಟಿಯ ನಂತರ ಯಾರಿಗಾದರೂ ಜ್ವರ ಬಂದಿತ್ತೇ ಎಂದು ವಿಚಾರಿಸಿ ರಕ್ತ ತೆಗೆಯುವುದು ಇನ್ನೊಂದು. ಒಂದು ಪ್ರದೇಶದ ಜನಸಂಖ್ಯೆಯ ಕನಿಷ್ಠ ಶೇಕಡ 10ರಷ್ಟು ಮಂದಿಯ ರಕ್ತವನ್ನು ವರ್ಷದಲ್ಲಿ ಪರೀಕ್ಷಿಸಬೇಕು ಎಂಬುದು ಬಹುಕಾಲದಿಂದ ಬಂದ ಗುರಿ. ತಿಂಗಳಿಗೆ ನೂರಕ್ಕೆ ಒಬ್ಬರಿಗಾದರೂ ಯಾವುದೋ ಜ್ವರ ಬಂದೇ ಬರುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಗುರಿ ಸರಿಯಾದದ್ದೇ, ಆದರೆ ಗುರಿಗೆ ಒಂದು ದೋಷ ಅಂಟಿಕೊಂಡೇ ಬರುತ್ತದೆ: ಸಂಖ್ಯೆ ತುಂಬಿದರೆ ಸಾಕು ಎನ್ನುವ ಒತ್ತಡದಲ್ಲಿ ರಸ್ತೆಬದಿಯ, ಸುಲಭವಾಗಿ ಸಿಗುವ ಮನೆಗಳ ರಕ್ತವೇ ಮತ್ತೆ ಮತ್ತೆ ಪ್ರಯೋಗಾಲಯ ಸೇರಿ, ಹಳ್ಳದಾಚೆಯ ನಾಲ್ಕು ಮನೆಗಳ ರಕ್ತ ಒಮ್ಮೆಯೂ ಸೇರದೆ ಹೋಗಬಹುದು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕಾದ ಒಂಟಿಮನೆಗಳ ಈ ಸೀಮೆಯಲ್ಲಿ ಈ ಭಯ ಕಾಲ್ಪನಿಕವಲ್ಲ. 2005ರ ನಂತರ ಹಳ್ಳಿಹಳ್ಳಿಗೂ ಬಂದ ಆಶಾ ಕಾರ್ಯಕರ್ತೆಗೆ ಒಂದು ರಕ್ತಲೇಪನಕ್ಕೆ ಹದಿನೈದು ರೂಪಾಯಿ ಪ್ರೋತ್ಸಾಹಧನ ಎಂದು ಕೇಂದ್ರದ ಮಾರ್ಗಸೂಚಿ ನಿಗದಿಪಡಿಸಿತ್ತು. ಎರಡು ಗುಡ್ಡ ಹತ್ತಿ ಇಳಿಯುವ ದಾರಿಗೆ ಅದು ತೀರ ಕಡಿಮೆ ಎಂದು ಹೇಳಲು ಸಂಶೋಧನೆ ಬೇಕಿಲ್ಲ.

ಹಾಗಾದರೆ ಪರೀಕ್ಷೆಯಿಂದ ಹೊರಗುಳಿಯುವವರು ಯಾರು? ತೋಟವಿರುವ, ಬೈಕೋ ಕಾರೋ ಇರುವ ಕುಟುಂಬ ಜ್ವರ ಬಂದರೆ ಪೇಟೆಯ ವೈದ್ಯರ ಬಳಿ ಹೋಗುತ್ತದೆ. ಅಲ್ಲಿ ಪತ್ತೆಯಾದದ್ದನ್ನು ಖಾಸಗಿ ವೈದ್ಯರು ಇಲಾಖೆಗೆ ತಿಳಿಸಿದರೆ ಆ ಕೊಂಡಿ ಸರಿಯಾಗುತ್ತದೆ. ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ದಿಗಳು, ಗೌಳಿಗಳು, ಕುಣಬಿಗಳ ಮಾತು ಬೇರೆ. ಆಫ್ರಿಕಾ ಮೂಲದ ಸಿದ್ದಿಗಳನ್ನು ಈ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ, ಮನೆಮಾತು ಕೊಂಕಣಿಗೆ ಹತ್ತಿರ. ದನ, ಎಮ್ಮೆ ಸಾಕುವ ಗೌಳಿಗಳ ಮನೆಮಾತು ಮರಾಠಿಯ ಒಂದು ರೂಪ. ದೇವಸ್ಥಾನದ ಆವರಣದಲ್ಲಿ ಅಚ್ಚಗನ್ನಡದಲ್ಲಿ ನಡೆದ ಒಂದು ಸಭೆ ಊರಿಗೆಲ್ಲ ವಿಷಯ ಮುಟ್ಟಿಸಿತು ಎಂದು ವರದಿ ಬರೆಯುವುದು ಸುಲಭ. ಆ ಸಭೆಗೆ ಬಾರದವರಿಗೆ, ಬಂದರೂ ಹಿಂದೆ ನಿಂತವರಿಗೆ ವಿಷಯ ಮುಟ್ಟುವುದು ಅವರ ನಡುವಿನ ಒಬ್ಬರು ಅವರ ಮಾತಿನಲ್ಲಿ ಹೇಳಿದಾಗ ಮಾತ್ರ.

ಇವರಿಗಿಂತಲೂ ಸುಲಭವಾಗಿ ತಪ್ಪಿಹೋಗುವವರು ದುಡಿಮೆಗಾಗಿ ಬಂದುಹೋಗುವ ಜನ. ಮಲೇರಿಯಾ ಇನ್ನೂ ಬಲವಾಗಿರುವ ಒಡಿಶಾ, ಜಾರ್ಖಂಡ್‌ನಂಥ ರಾಜ್ಯಗಳಿಂದ ರಸ್ತೆ, ಕಟ್ಟಡಗಳ ಕೆಲಸಕ್ಕೆ ಬರುವ ಕಾರ್ಮಿಕರು ರಕ್ತದಲ್ಲಿ ರೋಗಾಣು ಹೊತ್ತು, ಜ್ವರದ ಲಕ್ಷಣವೇ ಇಲ್ಲದೆ ಇರಬಹುದು. ಪದೇ ಪದೇ ಸೋಂಕಿಗೊಳಗಾದ ಮೈಗೆ ಅಷ್ಟರಮಟ್ಟಿನ ತಡೆಶಕ್ತಿ ಬಂದಿರುತ್ತದೆ. ರಾಜ್ಯದ ಮಲೇರಿಯಾದ ದೊಡ್ಡ ಪಾಲನ್ನು ಬಹುಕಾಲ ಹೊತ್ತಿದ್ದ ದಕ್ಷಿಣ ಕನ್ನಡ, ಉಡುಪಿಗಳಿಗೆ ಮತ್ತು ಗೋವಾಕ್ಕೆ ಘಟ್ಟದ ಮೇಲಿನ ಯುವಕರೂ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಮರಳುತ್ತಾರೆ. ಹೊರಗಿನವರೇ ರೋಗ ತರುತ್ತಾರೆ ಎಂಬ ಮಾತು ಊರಿನಲ್ಲಿ ಒಮ್ಮೆ ಹಬ್ಬಿದರೆ ಕಾರ್ಮಿಕ ಜ್ವರವನ್ನು ಮುಚ್ಚಿಡುತ್ತಾನೆ, ಗುತ್ತಿಗೆದಾರ ಅವನನ್ನು ಮುಚ್ಚಿಡುತ್ತಾನೆ. ಪರೀಕ್ಷೆಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಕೆಲಸಕ್ಕೆ ಸೇರುವ ದಿನವೇ ಎಲ್ಲರ ರಕ್ತಪರೀಕ್ಷೆ, ಜ್ವರ ಬಂದ ದಿನಕ್ಕೆ ಕೂಲಿ ಕಡಿತವಿಲ್ಲ ಎಂಬೆರಡು ಮಾತುಗಳಿಗೆ ಗುತ್ತಿಗೆದಾರರನ್ನೂ ತೋಟದ ಯಜಮಾನರನ್ನೂ ಒಪ್ಪಿಸುವುದು ನೂರು ಭಿತ್ತಿಪತ್ರಗಳಿಗಿಂತ ಹೆಚ್ಚು ಕೆಲಸ ಮಾಡೀತು.

ನಿರಾಕರಣೆಯನ್ನು ಅಜ್ಞಾನ ಎಂದು ಕರೆದು ಕೈತೊಳೆದುಕೊಳ್ಳುವುದು ಇಲಾಖೆಗಳ ಹಳೆಯ ಚಾಳಿ. ಕಾರಣಗಳನ್ನು ಕೇಳಿದರೆ ಹೆಚ್ಚಿನವು ತೀರ ಲೌಕಿಕ. ಕೊನೆಕೊಯ್ಲಿನ ತಿಂಗಳುಗಳಲ್ಲಿ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ, ಸಂಜೆ ಅಡಿಕೆ ಸುಲಿಯುವ ಹೊತ್ತಿಗೆ ಎಲ್ಲರೂ ಒಂದೇ ಅಂಗಳದಲ್ಲಿ ಸಿಗುತ್ತಾರೆ. ಸಿಬ್ಬಂದಿಯ ಕೆಲಸದ ಹೊತ್ತು ಮಾತ್ರ ಹಗಲಿನದೇ. ತೆಗೆದ ರಕ್ತದಲ್ಲಿ ಇನ್ನೇನನ್ನು ಪರೀಕ್ಷಿಸುತ್ತಾರೋ ಎಂಬ ಅನುಮಾನ ಇನ್ನೊಂದು. ಎಲ್ಲಕ್ಕಿಂತ ಸಾಮಾನ್ಯವಾದದ್ದು, ರಕ್ತ ಕೊಟ್ಟವರಿಗೆ ಉತ್ತರ ಬಾರದಿರುವುದು. ಮಲೇರಿಯಾ ಇಲ್ಲದಿದ್ದರೆ ತಿಳಿಸುವ ಅಗತ್ಯವೇನಿದೆ ಎಂದು ಇಲಾಖೆ ಭಾವಿಸುತ್ತದೆ. ಚುಚ್ಚಿಸಿಕೊಂಡವನಿಗೆ ತನ್ನ ರಕ್ತ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಮುಂದಿನ ಸಲ ಅವನು ಬೆರಳು ಚಾಚದಿದ್ದರೆ ತಪ್ಪು ಅವನೊಬ್ಬನದಲ್ಲ.

ಲೆಕ್ಕ ಕೇಳುವ ಅಭ್ಯಾಸ ಈ ತಾಲೂಕುಗಳಿಗೆ ಹೊಸದಲ್ಲ. ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘದಿಂದ ಹಿಡಿದು ಊರೂರಿನ ಸೇವಾ ಸಹಕಾರಿ ಸಂಘಗಳವರೆಗೆ, ಅಚ್ಚಾದ ವಾರ್ಷಿಕ ವರದಿಯನ್ನು ತಿರುವಿ ಖರ್ಚಿನ ಒಂದು ಸಾಲನ್ನು ಹಿಡಿದು ಎದ್ದುನಿಂತು ಪ್ರಶ್ನಿಸುವ ಸದಸ್ಯರು ಇಲ್ಲಿ ಎಲ್ಲೆಲ್ಲೂ ಇದ್ದಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದ್ದೂ ಇಲ್ಲಿಯೇ. ಆದರೂ ಕಳೆದ ವರ್ಷ ತಮ್ಮ ಗ್ರಾಮದಲ್ಲಿ ಎಷ್ಟು ರಕ್ತಲೇಪನ ತೆಗೆದರು, ಯಾವ ಮಜರೆಯಲ್ಲಿ ಒಂದನ್ನೂ ತೆಗೆಯಲಿಲ್ಲ ಎಂಬ ಪ್ರಶ್ನೆ ಗ್ರಾಮಸಭೆಯಲ್ಲಿ ಏಳುವುದು ಅಪರೂಪ, ಏಕೆಂದರೆ ಆ ಅಂಕಿ ಅವರ ಮುಂದೆ ಇಟ್ಟಿರುವುದೇ ಅಪರೂಪ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕೆಂಬ ನಿಯಮವಿದೆ, ಅದಕ್ಕೆ ಮುಕ್ತನಿಧಿಯೂ ಇದೆ. ಮಜರೆವಾರು ರಕ್ತಪರೀಕ್ಷೆಯ ಲೆಕ್ಕವನ್ನು ಈ ಸಮಿತಿ ಪಂಚಾಯ್ತಿಯ ಫಲಕದಲ್ಲಿ, ಹಾಲಿನ ಡೇರಿಯ ಗೋಡೆಯಲ್ಲಿ, ಸಹಕಾರಿ ಸಂಘದ ಬಾಗಿಲಲ್ಲಿ ಬರೆದು ಹಾಕಿದರೆ, ಬಿಟ್ಟುಹೋದ ಕೇರಿ ಯಾವುದೆಂದು ಇಲಾಖೆಗಿಂತ ಮೊದಲು ಊರಿನವರಿಗೇ ಕಾಣುತ್ತದೆ. ವ್ಯಕ್ತಿಗಳ ಹೆಸರು ಬರೆಯುವ ಅಗತ್ಯವಿಲ್ಲ, ಬರೆಯಲೂಬಾರದು.

ಸೊಳ್ಳೆಯ ವಿಷಯದಲ್ಲೂ ಊರಿನ ತಿಳಿವಳಿಕೆಯನ್ನು ಬಳಸಿಕೊಳ್ಳುವ ದಾರಿಗಳಿವೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲಿ ಹುಟ್ಟುವುದು ಡೆಂಗ್ಯೂ ತರುವ ಈಡಿಸ್ ಸೊಳ್ಳೆ. ಮಲೇರಿಯಾದ ಸೊಳ್ಳೆಗೆ ಬಸಿಗಾಲುವೆಯ, ಹಳ್ಳದ ಅಂಚಿನ ತಿಳಿನೀರು ಬೇಕು. ಎರಡನ್ನೂ ಸೊಳ್ಳೆ ಎಂಬ ಒಂದೇ ಹೆಸರಿನಲ್ಲಿ ಕಟ್ಟಿ, ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದು ಹೇಳುವ ಭಾಷಣದಿಂದ, ಹರಿವ ನೀರಿನ ಬದಿಯಲ್ಲೇ ಬದುಕುವ ತೋಟಿಗನಿಗೆ ಏನೂ ಸಿಗುವುದಿಲ್ಲ. ಮಳೆ ಬಿಟ್ಟ ಮೇಲೆ ಕಾಲುವೆಯ ಅಂಚಿನ ಹುಲ್ಲು ಸವರಿ ನೀರಿನ ಓಟ ಸರಿಮಾಡುವ ಕೆಲಸ ಅವನಿಗೆ ಹೇಗೂ ಇದೆ. ಅದಕ್ಕೂ ಜ್ವರಕ್ಕೂ ಇರುವ ನಂಟನ್ನು ಹೇಳಿದರೆ ಸಾಕು.

ಒಂದು ಪ್ರಕರಣ ಪತ್ತೆಯಾದಾಗ ನಡೆಯಬೇಕಾದ ಕೆಲಸಕ್ಕೆ ಚೀನಾ ರೂಢಿಗೆ ತಂದ ಒಂದು, ಮೂರು, ಏಳು ಎಂಬ ಕ್ರಮ ಈಗ ಹಲವು ದೇಶಗಳಿಗೆ ಮಾದರಿ: ಒಂದು ದಿನದೊಳಗೆ ವರದಿ, ಮೂರು ದಿನದೊಳಗೆ ಸೋಂಕು ಎಲ್ಲಿಂದ ಬಂತೆಂಬ ತನಿಖೆ, ಏಳು ದಿನದೊಳಗೆ ಸುತ್ತಲಿನ ಮನೆಗಳ ಪರೀಕ್ಷೆ ಮತ್ತು ಸೊಳ್ಳೆ ನಿಯಂತ್ರಣ. ಚೀನಾಕ್ಕೆ 2021ರಲ್ಲಿ ಮಲೇರಿಯಾಮುಕ್ತ ಎಂಬ ಮಾನ್ಯತೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಆ ಮಾನ್ಯತೆ ಕೊಡುವುದು ಸ್ಥಳೀಯವಾಗಿ ಹುಟ್ಟಿದ ಒಂದು ಪ್ರಕರಣವೂ ಇಲ್ಲದೆ ಸತತ ಮೂರು ವರ್ಷ ಕಳೆದ ಮೇಲೆ, ಅದೂ ಆ ಮೂರು ವರ್ಷ ಹುಡುಕಾಟ ನಿಂತಿರಲಿಲ್ಲ ಎಂಬುದಕ್ಕೆ ಪುರಾವೆ ಇದ್ದರೆ ಮಾತ್ರ. ಪರೀಕ್ಷೆಯೇ ನಡೆಯದ ಊರಿನ ಸೊನ್ನೆಗೂ ನೂರು ಜ್ವರಗಳನ್ನು ಪರೀಕ್ಷಿಸಿ ಬಂದ ಸೊನ್ನೆಗೂ ಅಲ್ಲಿ ಒಂದೇ ಬೆಲೆಯಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಟ್ಟಿಗೆ ಆ ಪುರಾವೆ ಎಂದರೆ ರೋಗಾಣು ಕಾಣದ ಸಾವಿರಾರು ರಕ್ತಲೇಪನಗಳು. ಅವುಗಳಲ್ಲಿ ಗೌಳಿವಾಡಗಳ, ಸಿದ್ದಿ ಕೇರಿಗಳ, ರಸ್ತೆ ಕೆಲಸದ ಬಿಡಾರಗಳ ಪಾಲು ಎಷ್ಟಿದೆ ಎಂಬುದನ್ನು ತಪಾಸಣೆಗೆ ಬರುವವರು ಮೊದಲು ಕೇಳುತ್ತಾರೆ.